ಮಿಷನ್ ಸ್ಕೂಲಿನ ಮೇಷ್ಟ್ರುಗಳು ನಾವು

ನಾವು ನಾಲ್ಕು ಜನ ಮಿಷನ್ ಸ್ಕೂಲಿನ ಮೇಷ್ಟ್ರುಗಳು. ನಾಲ್ವರೂ ಕೇರಿಯವರೇ. ನಮ್ಮ ಅಜ್ಜಂದಿರು ಊರಿನ ಸತ್ತ ದನ ಹೊತ್ತವರು. ವೆಸ್ಲಿಯನ್ ಮಿಷನ್ನಿನ ಉಪದೇಶಿಯೊಬ್ಬ ಕೇರಿಗೆ ಬಂದು ಮರಳು ಹರಡಿ ಅಕ್ಷರ ತಿದ್ದಿಸದಿದ್ದರೆ ನಾವು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಊರ ಸ್ಕೂಲಿನ ಜಗಲಿಯ ಕೆಳಗೆ ಕೂತು ಪಾಠ ಕೇಳುತ್ತಿದ್ದವರನ್ನು ಒಳಕ್ಕೆ ಕರೆದು ಬೆಂಚಿನ ಮೇಲೆ ಕೂರಿಸಿದ್ದು ಈ ಸ್ಕೂಲು. ನಮ್ಮ ಮುದುಕಿಯರಿಗೆ ಏಸು ಅಂದರೆ ಮೊದಲು ಆ ಬೆಂಚು. ಮೋಕ್ಷ ಗೀಕ್ಷ ಎಲ್ಲ ಆಮೇಲೆ.

ಹಾಗಂತ ಮಿಷನ್ನನ್ನು ಹಾಡಿ ಹೊಗಳೋಕೆ ಕೂತಿಲ್ಲ ನಾವು. ಪಾದ್ರಿ ಹಾಕಿದ ನೀರಿಗೆ ಜಾತಿ ತೊಳೆದು ಹೋಗಲಿಲ್ಲ. ಹೆಣ್ಣು ಕೇಳಲು ಹೋದರೆ "ನೀವು ಯಾವ ಕಡೆಯವರು?" ಅಂತ ಸಭೆಯ ಹಿರೀಕರೇ ಕೇಳುತ್ತಾರೆ. ಅತ್ತ 1950ರ ರಾಷ್ಟ್ರಪತಿ ಆಜ್ಞೆ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನೇ ಅಲ್ಲ ಎಂದಿತು. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು ಸೇರಿದರು. ನಾವು ಹೊರಗೇ ಉಳಿದೆವು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬಾತ, ಕ್ರೈಸ್ತ ಅನ್ನೋ ಕಾರಣಕ್ಕೆ ಸರ್ಕಾರ ತನಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಡಲಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದ. ಮತ ಬದಲಿಸಿದ ಮೇಲೂ ಜಾತಿಯ ಕಷ್ಟ ಅಷ್ಟೇ ಕಟುವಾಗಿ ಉಳಿದಿದೆ ಎನ್ನಲು ಪುರಾವೆ ಸಾಲದು ಎಂದು 1985ರಲ್ಲಿ ತೀರ್ಪಾಯಿತು. ಅವನ ಕೈ ನೋಡಿದ್ದರೆ ಸಾಕಿತ್ತಲ್ಲ! ಪರಿಶಿಷ್ಟರ ಮೀಸಲು ಇಲ್ಲದ ನಮ್ಮಂಥವರಿಗೆ ಮೇಷ್ಟ್ರ ಕೆಲಸ ಅಂದರೆ ಮಿಷನ್ ಸ್ಕೂಲೇ ಗತಿ. ಆ ಕೆಲಸವೂ ನಮ್ಮ ಕಣ್ಣೆದುರೇ ಬೇರೆಯಾಯಿತು.

2014ರ ಮೇ 6. ಒಂದೇ ದಿನ ಸುಪ್ರೀಂ ಕೋರ್ಟಿನಿಂದ ಎರಡು ತೀರ್ಪು ಬಂದವು. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯಲ್ಲೇ ಕಲಿಸಿ ಎಂದು ಖಾಸಗಿ ಶಾಲೆಗಳನ್ನು ಸರ್ಕಾರ ಬಲವಂತ ಮಾಡುವ ಹಾಗಿಲ್ಲ ಅಂತ ಒಂದು. 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಅಂತ ಇನ್ನೊಂದು. ನಮ್ಮ ಆಡಳಿತ ಮಂಡಳಿಗೆ ಇನ್ನೇನು ಬೇಕು? ಕನ್ನಡ ಮಾಧ್ಯಮಕ್ಕೆ ವರ್ಷಕ್ಕೊಂದು ಕ್ಲಾಸಿನಂತೆ ಬೀಗ ಬಿತ್ತು. ಟೈ ಬಂತು, ಬೂಟು ಬಂತು, ಹಳದಿ ಬಸ್ಸು ಬಂತು. "ದೇವರು ನಮಗೆ ಹೊಸ ಬಾಗಿಲು ತೆರೆದಿದ್ದಾನೆ" ಅಂತ ಕಾರ್ಯದರ್ಶಿಗಳು ಪ್ರಾರ್ಥನೆ ಮಾಡಿದರು. ನಾವೂ ತಲೆ ಬಗ್ಗಿಸಿ ಆಮೆನ್ ಅಂದೆವು. ಸುಳ್ಳು ಯಾಕೆ ಹೇಳೋಣ, ಸಂಬಳದ ಮುಂದೆ ನಾಲಿಗೆ ಏಳಲಿಲ್ಲ.

ಕನ್ನಡದ ಕ್ಲಾಸು ಕಡಿಮೆಯಾದ ಮೇಲೆ ನಮ್ಮನ್ನು ಅಡ್ಮಿಷನ್ ಟೇಬಲ್ಲಿಗೆ ಹಾಕಿದರು. ಗೋಡೆಯ ಮೇಲೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಏಸುವಿನ ಹಳೇ ಪಟ. ಅದರ ಕೆಳಗೆ ಫೀಜಿನ ಪಟ್ಟಿ. ಅದರ ಕೆಳಗೆ ನಾವು. 2019ರ ಜೂನಿನಲ್ಲಿ ಕೇರಿಯ ಹೆಂಗಸೊಬ್ಬಳು ಮಗನ ಕೈ ಹಿಡಕೊಂಡು ಬಂದಳು. ಗಾರೆ ಕೆಲಸದವಳು. ನಮ್ಮೊಬ್ಬರಿಗೆ ವರಸೆಯಲ್ಲಿ ತಂಗಿಯಾಗಬೇಕು. ಚಿಕ್ಕಂದಿನಿಂದ "ಅಣ್ಣೋ" ಅಂತ ಕೂಗಿದವಳು.

"ನಮ್ಮಪ್ಪ ಇಲ್ಲೇ ಓದಿದ್ದು, ನೀನೂ ಇಲ್ಲೇ ಓದಿದ್ದು ಕಣಣ್ಣ. ಇವನಿಗ್ಯಾಕೆ ಆಗಾಕಿಲ್ಲ?"

ಫೀಜು ಹೇಳಿದೆವು. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಪಟ್ಟಿಯನ್ನೊಂದು ಸಾರಿ, ನಮ್ಮನ್ನೊಂದು ಸಾರಿ ನೋಡಿ, "ಆಯ್ತು ಬುಡಿ ಬುದ್ದೀ" ಅಂದು ಮಗನನ್ನು ಎಳಕೊಂಡು ಹೊರಟಳು.

ಬುದ್ದಿ! ನಮ್ಮಜ್ಜಂದಿರು ಗೌಡರ ಹಟ್ಟಿ ಮುಂದೆ ಕೈ ಕಟ್ಟಿ ನಿಂತು ಅಂದ ಮಾತು. ಅದನ್ನು ಅನ್ನದೇ ಬದುಕಲಿ ಅಂತ ತಾನೇ ನಮ್ಮನ್ನು ಈ ಸ್ಕೂಲಿಗೆ ಹಾಕಿದ್ದು?

ಆ ಭಾನುವಾರ ರೊಟ್ಟಿ ದ್ರಾಕ್ಷಾರಸ ನಮ್ಮ ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಕೂತು ಜಗಳ ಆಡಿದೆವು. ರಾಜೀನಾಮೆ ಅಂದರೊಬ್ಬರು. ಹೊಟ್ಟೆಗೇನು ಅಂದರಿನ್ನೊಬ್ಬರು. ದೇವರೇ ಇಲ್ಲ ಅಂದುಬಿಟ್ಟರು ಮೂರನೆಯವರು. ನಮ್ಮಲ್ಲಿ ಹಿರಿಯರಾದ ಅಕ್ಕ ಮಾತ್ರ, "ಉಪದೇಶಿಗೇನು ಕಟ್ಟಡ ಇತ್ತೇನ್ರೋ? ಮರಳಿತ್ತು ಅಷ್ಟೆ" ಅಂದರು. ಕೇರಿಗೆ ಹತ್ತು ಬಿಟ್ಟಿ ಸೀಟು, ಕನ್ನಡದ ಒಂದು ವಿಭಾಗ ಬೇಕೆಂದು ಮಂಡಳಿಗೆ ಅರ್ಜಿ ಬರೆದು ನಾಲ್ವರೂ ರುಜು ಹಾಕಿದೆವು. ಪ್ರಾರ್ಥನೆ ಮಾಡಿ, ನೋಡೋಣ ಅಂದರು. ಪ್ರಾರ್ಥನೆ ಮಾಡಿಕೊಂಡೇ ಕೇರಿಯ ಪ್ರಾರ್ಥನಾ ಮಂದಿರದಲ್ಲಿ ಸಂಜೆ ಪಾಠ ಶುರು ಮಾಡಿದೆವು.

2021ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಮತಾಂತರದ ಮಸೂದೆ ಪಾಸಾಯಿತು. ಊರಿನ ಹುಡುಗರು ಬಾಗಿಲಿಗೆ ಬಂದು ನಿಂತರು: "ಏನ್ ಮೇಷ್ಟ್ರೇ, ಎಷ್ಟು ಜನಾನ ಮಾಡಿದ್ರಿ?" ಮಗ್ಗಿ ಹೇಳಿಕೊಡುತ್ತಿದ್ದೆವು! ಹೆದರಿದ್ದು ನಿಜ. ಕೇರಿಯ ಯಜಮಾನರೇ ಬಂದು ಅಂಬೇಡ್ಕರ್ ಸಂಘದ ರೂಮಿನ ಬೀಗದ ಕೈ ಕೊಟ್ಟರು. 2023ರ ಜೂನಿನಲ್ಲಿ ಆ ಕಾಯ್ದೆ ರದ್ದು ಮಾಡಲು ಸಚಿವ ಸಂಪುಟ ತೀರ್ಮಾನ ಮಾಡಿದರೂ ನಾವು ಮಂದಿರಕ್ಕೆ ವಾಪಸು ಹೋಗಲಿಲ್ಲ. ಬಾಬಾಸಾಹೇಬರ ಪಟದ ಕೆಳಗೇ ಪಾಠ. ಅಲ್ಲಿ ನಾವು ಬಾಯಿಬಿಟ್ಟು ಪ್ರಾರ್ಥನೆ ಹೇಳುವುದಿಲ್ಲ. ಸೀಮೆಸುಣ್ಣ ಕೈಗೆ ತಗೊಳ್ಳುವಾಗ ಅಕ್ಕನ ತುಟಿ ಒಂದು ಗಳಿಗೆ ಆಡುತ್ತದೆ.

ಅರ್ಜಿ ಮಂಡಳಿಯ ಮುಂದೆ ಹಾಗೇ ಬಿದ್ದಿದೆ. ಆ ಹುಡುಗ ದಿನಾ ಬರುತ್ತಾನೆ, ಲೆಕ್ಕದಲ್ಲಿ ಚುರುಕು. ಕರೆದೊಯ್ಯಲು ಬರುವ ತಾಯಿ ಬಾಗಿಲ ಹೊರಗೇ ನಿಲ್ಲುತ್ತಾಳೆ. ಒಳಗೆ ಬಾರವ್ವ, ಕೂತ್ಕೋ ಅಂದರೆ, "ಇರ್ಲಿ ಬುಡಿ ಬುದ್ದೀ" ಅನ್ನುತ್ತಾಳೆ.