ನಾಲ್ಕೂವರೆ ಸಾವಿರಕ್ಕೆ ಹದಿನೈದು ಕುದುರೆ

ಪುಣೆಯಿಂದ ಊರಿಗೆ ಕಾರಿನಲ್ಲಿ ಹೋಗುವ ನಮ್ಮ ಕಡೆಯವರಿಗೆಲ್ಲ ಖಂಬಾಟಕಿ ಘಾಟ್ ಗೊತ್ತು. ಸಾತಾರಾ ಕಡೆಯಿಂದ ಬರುವಾಗ ಸುರಂಗದಲ್ಲಿ ನುಗ್ಗಿ ಬರಬಹುದು, ಹೋಗುವಾಗ ಮಾತ್ರ ಗುಡ್ಡ ಏರಬೇಕಿತ್ತು. ನನ್ನದು 2013ರ ಸ್ವಿಫ್ಟ್ ಡೀಸೆಲ್. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎಸಿ ಅಂದರೆ ಆ ಏರಿನಲ್ಲಿ ಅದಕ್ಕೆ ದಮ್ಮು ಹತ್ತುತ್ತಿತ್ತು. ಮಾರಿ ಹೊಸದು ಕೊಳ್ಳೋಣವೆಂದರೆ 2020ರ ಏಪ್ರಿಲ್‌ನಿಂದ ಮಾರುತಿಯವರು ಡೀಸೆಲ್ ಕಾರನ್ನೇ ನಿಲ್ಲಿಸಿದ್ದಾರೆ. ಇದ್ದುದಕ್ಕೇ ಶಕ್ತಿ ತುಂಬಬೇಕು ಅನ್ನಿಸಿತು.

ಆನ್‌ಲೈನಿನಲ್ಲಿ 4,500 ರೂಪಾಯಿಗೆ ಒಂದು ಡಬ್ಬಿ ಸಿಕ್ಕಿತು. 75 ಹಾರ್ಸ್‌ಪವರ್ 90 ಆಗುತ್ತದೆ, ಮೈಲೇಜೂ ಹೆಚ್ಚುತ್ತದೆ ಎಂದು ಬರೆದಿದ್ದರು. ಮೈಲೇಜಿನ ಮಾತು ಓದಿದಾಗಲೇ ಅನುಮಾನ ಬರಬೇಕಿತ್ತು. ಬಾನೆಟ್ ಎತ್ತಿ, ಒಂದು ವೈರು ಬಿಚ್ಚಿ, ನಡುವೆ ಡಬ್ಬಿ ಸೇರಿಸಿದೆ. ಹತ್ತು ನಿಮಿಷದ ಕೆಲಸ. ಸುಳ್ಳು ಯಾಕೆ ಹೇಳಲಿ, ಮೊದಲ ದಿನ ಗಾಡಿ ನಿಜಕ್ಕೂ ಚುರುಕಾಗಿತ್ತು. ಎರಡನೇ ವಾರ ಸಿಗ್ನಲ್ಲಿನಲ್ಲಿ ಹಿಂದಿದ್ದ ಸ್ಕೂಟರಿನವರು ಪಕ್ಕಕ್ಕೆ ಬಂದು, ಮೂಗಿಗೆ ಓಢಣಿ ಒತ್ತಿಕೊಂಡು, ನನ್ನ ಸೈಲೆನ್ಸರಿನ ಕಡೆ ಕೈ ತೋರಿಸಿ ಹೋದರು. ಕರಿ ಹೊಗೆ.

ದೀಪಾವಳಿಗೆ ಅವ್ವನನ್ನು ಧಾರವಾಡಕ್ಕೆ ಬಿಡಲು ಹೊರಟಾಗ ಅದೇ ಘಾಟಿನ ಅರ್ಧದಲ್ಲಿ ಎಂಜಿನ್ ಲೈಟ್ ಹತ್ತಿತು. ಎಷ್ಟು ತುಳಿದರೂ ಎಂಜಿನ್ ಮೇಲೇಳುತ್ತಿಲ್ಲ. ಹಿಂದೆ ಕಂಟೇನರ್ ಲಾರಿ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದೆ. ಹೇಗೋ ಅಂಚಿಗೆ ತಂದು ನಿಲ್ಲಿಸಿ, ಬಿಸಿ ಎಂಜಿನ್ನಿನಲ್ಲಿ ಕೈ ಸುಟ್ಟುಕೊಂಡು ಡಬ್ಬಿ ಕಿತ್ತೆ. ಲಾರಿಗಳು ಮೊಳ ದೂರದಲ್ಲಿ ಹಾದು ಹೋಗುತ್ತಿದ್ದವು. ಅವ್ವ ಒಳಗೆ ಕೂತು ಮಗುವನ್ನು ಗಟ್ಟಿ ಹಿಡಿದಿದ್ದಳು. ಅವಳು ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು.

ಮರಳಿ ಬಂದ ಮೇಲೆ ಡಬ್ಬಿ ಬಿಚ್ಚಿ ನೋಡಿದೆ. ಒಂದು ಹಸಿರು ದೀಪ, ಒಂದೆರಡು ರೆಸಿಸ್ಟರ್. ಇಂದಿನ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಒಂದು ಸಾಮಾನ್ಯ ಕೊಳವೆಯಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕಾದಿರುತ್ತದೆ. ಟೈರಿನಲ್ಲಿರುವುದು ಸುಮಾರು ಎರಡು ಬಾರ್. ಆ ಒತ್ತಡವನ್ನು ಅಳೆದು ಹೇಳಲು ಒಂದು ಸೆನ್ಸರ್ ಇದೆ. ಡಬ್ಬಿ ಮಾಡುವುದಿಷ್ಟೇ, ಆ ಸೆನ್ಸರಿನ ಮಾತನ್ನು ತಿರುಚಿ ‘ಒತ್ತಡ ಕಮ್ಮಿ ಇದೆ’ ಅನ್ನುತ್ತದೆ. ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಹೆಚ್ಚು ಬೀಳುತ್ತದೆ. ಗಾಳಿ ಸಾಲದಿದ್ದರೆ ಅದು ಪೂರ್ತಿ ಉರಿಯದೆ ಮಸಿಯಾಗುತ್ತದೆ. ಲೆಕ್ಕ ತೀರಾ ತಪ್ಪಿದಾಗ ಕಂಪ್ಯೂಟರ್ ಎಂಜಿನ್ನನ್ನು ಉಳಿಸಲು ಶಕ್ತಿ ಕಡಿತ ಮಾಡುತ್ತದೆ. ಘಾಟಿನಲ್ಲಿ ಆದದ್ದು ಅದೇ.

ಇದೇ 1248 ಸಿಸಿ ಎಂಜಿನ್ 90 ಹಾರ್ಸ್‌ಪವರಿನಲ್ಲೂ ಬಂದಿತ್ತು, ಫಿಯಟ್ ಲೀನಿಯಾದಲ್ಲಿ. ಮೂಲ ವಿನ್ಯಾಸ ಫಿಯಟ್‌ನದೇ. ನಮ್ಮ ಪಕ್ಕದ ರಾಂಜಣಗಾಂವದಲ್ಲೂ, ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರಿನಲ್ಲಿ, ತಯಾರಾಗುತ್ತಿತ್ತು. ಆ ಹೆಚ್ಚಿನ ಹದಿನೈದು ಕುದುರೆಗಳಿಗಾಗಿ ಅವರು ಟರ್ಬೊವನ್ನೇ ಬೇರೆ ಹಾಕಿದ್ದರು, ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದು. ಅಂದರೆ ಹೆಚ್ಚು ಗಾಳಿ. ನಾನು ಗಾಳಿಯ ಗೊಡವೆಗೇ ಹೋಗದೆ ಎಣ್ಣೆ ಸುರಿದಿದ್ದೆ. ಒಳ್ಳೆಯ ಟ್ಯೂನರ್ ಕೈಯಲ್ಲಿ ಸಾಫ್ಟ್‌ವೇರ್ ಬದಲಿಸಿದರೆ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆ, ಆದರೆ ಅದರ ಬೆಲೆ ಹಲವು ಪಟ್ಟು, ಕ್ಲಚ್ಚಿಗೂ ಗೇರ್‌ಬಾಕ್ಸಿಗೂ ಹೊರೆ. ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ನಾನಂತೂ ಮಾಡಿಸಲಾರೆ.

ಕಾತ್ರಜ್ ಬಳಿಯ ನಮ್ಮ ಹಳೇ ಮೇಸ್ತ್ರಿ ಡಬ್ಬಿ ನೋಡಿ ನಕ್ಕರು. “ಗಾಡೀಲಾ ಖೋಟಂ ಸಾಂಗೂ ನಕಾ” ಅಂದರು, ಗಾಡಿಗೆ ಸುಳ್ಳು ಹೇಳಬೇಡಿ ಅಂತ. ಆಮೇಲೆ ಎಂಜಿನ್ ನಡೆಯುತ್ತಿರುವಾಗಲೇ ಟಾರ್ಚ್ ಹಿಡಿದು, ಟರ್ಬೊದಿಂದ ಗಾಳಿ ಒಯ್ಯುವ ರಬ್ಬರ್ ಕೊಳವೆಯಲ್ಲಿ ಬೆರಳುದ್ದದ ಬಿರುಕು ತೋರಿಸಿದರು. ನನ್ನ ಕುದುರೆಗಳಲ್ಲಿ ಎಷ್ಟೋ ಅಲ್ಲೇ ಸೋರಿ ಹೋಗುತ್ತಿದ್ದವು. ಕೊಳವೆ, ಏರ್ ಫಿಲ್ಟರ್, ಕೂಲಿ ಸೇರಿ 2,900 ರೂಪಾಯಿ. ಇನ್ನೊಂದು ಮಾತು ಪುಕ್ಕಟೆ ಹೇಳಿದರು: ಈ ಎಂಜಿನ್ 2,000 ಆರ್‌ಪಿಎಮ್‌ಗಿಂತ ಕೆಳಗೆ ನಿದ್ದೆ ಮಾಡುತ್ತದೆ, ಏರಿನಲ್ಲಿ ಮೊದಲೇ ಗೇರ್ ಇಳಿಸಿ. ಹತ್ತು ವರ್ಷ ಓಡಿಸಿದ ಮೇಲೆ ಈ ಪಾಠ!

ಸಂಕ್ರಾಂತಿಗೆ ಮತ್ತೆ ಅದೇ ಐದು ಜನ, ಅದೇ ಸಾಮಾನು. ಖಂಬಾಟಕಿಯ ಬುಡದಲ್ಲೇ ಮೂರನೇ ಗೇರಿಗೆ ಇಳಿಸಿದೆ, ತಿರುವುಗಳಲ್ಲಿ ಎರಡಕ್ಕೆ. ಮೇಲೆ ಮುಟ್ಟಿದಾಗ ಅವ್ವ ಕೇಳಿದಳು, “ಅದೇನೋ ಹಸಿರು ಲೈಟಿನ ಡಬ್ಬಿ ಇತ್ತಲ್ಲೋ, ತಗದೀ ಹೌದಿಲ್ಲೋ?”