ವೈರು ಚುಚ್ಚಿದ ಮೇಲೂ ಮರದ ದನಿ...

ಮನೆಯಲ್ಲಿ ಅಷ್ಟು ಚೆಂದ ಕೇಳಿಸೋ ಗಿಟಾರು, ವೇದಿಕೆ ಮೇಲೆ ವೈರು ಚುಚ್ಚಿದ ತಕ್ಷಣ ಡಬ್ಬಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮೀಟಿದ ಹಾಗೆ ಯಾಕೆ ಕೇಳುತ್ತೆ? ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರು ಇಟ್ಟುಕೊಂಡಿರೋ ನನ್ನಂಥ ಹವ್ಯಾಸಿಗಳ ನಿತ್ಯದ ಗೋಳು ಇದು.

ಇಂಥ ಬಹುತೇಕ ಗಿಟಾರುಗಳಲ್ಲಿ ಇರೋದು ಪಿಯೆಜೊ ಪಿಕಪ್. ತಂತಿಗಳು ಕೂರೋ ಬಿಳಿ ಪಟ್ಟಿಯ (ಸ್ಯಾಡಲ್) ಕೆಳಗೆ ಅಡಗಿರುತ್ತೆ. ಅದು ಹಿಡಿಯೋದು ಹೆಚ್ಚಾಗಿ ಅಲ್ಲಿನ ಒತ್ತಡವನ್ನು. ನಮ್ಮ ಕಿವಿಗೆ ಬರೋದು ಹಾಗಲ್ಲ. ಹಲಗೆ ನಡುಗಿ, ಹೊಟ್ಟೆಯೊಳಗಿನ ಗಾಳಿ ಸೇರಿ, ಕೋಣೆಯೆಲ್ಲ ಸುತ್ತಿ ಬಂದ ನಾದ.

ಹಾಗಂತ ಸಹಜ ಅಂದ್ರೆ ವೈರೇ ಇರಬಾರದು ಅಂತಲ್ಲ. 1993ರ ನವೆಂಬರಿನಲ್ಲಿ ನಿರ್ವಾಣ ತಂಡ ನ್ಯೂಯಾರ್ಕಿನಲ್ಲಿ ನುಡಿಸಿದ ಎಂಟಿವಿ ಕಾರ್ಯಕ್ರಮದ ಹೆಸರೇ ‘ಅನ್‌ಪ್ಲಗ್ಡ್’. ಆದ್ರೆ ಕರ್ಟ್ ಕೊಬೇನ್ ಕೈಯಲ್ಲಿದ್ದ 1959ರ ಮಾರ್ಟಿನ್ ಡಿ-18ಇ ಗಿಟಾರಿಗೆ ಪಿಕಪ್ಪೂ ಇತ್ತು, ವೈರೂ ಇತ್ತು! 2020ರಲ್ಲಿ ಅದು 60 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯ್ತು.

ನನಗೆ ಇದು ಬರೀ ಶೋಕಿಯ ವಿಷಯ ಅಲ್ಲ. ಅಮ್ಮ ಭಾವಗೀತೆ ಹಾಡ್ತಾಳೆ, ನಾನು ಪಕ್ಕದಲ್ಲಿ ಕೂತು ನುಡಿಸ್ತೀನಿ. ಅರವತ್ತೆಂಟರ ಮೆಲುದನಿ. ಗಿಟಾರು ಕರ್ಕಶವಾದ್ರೆ ಅವಳಿಗೇ ಗೊತ್ತಿಲ್ಲದ ಹಾಗೆ ದನಿ ಏರಿಸ್ತಾಳೆ. ಎರಡನೇ ಹಾಡಿಗೆಲ್ಲ ಗಂಟಲು ಕಟ್ಟುತ್ತೆ. ಗಿಟಾರು ಗಿಟಾರಿನ ಹಾಗೆ ಕೇಳಿದ ದಿನ ಐದು ಹಾಡು ಆರಾಮಾಗಿ ಮುಗಿಸ್ತಾಳೆ.

ಅದಕ್ಕೇ ನನ್ನದೊಂದಿಷ್ಟು ಪದ್ಧತಿ. ಎಲೆಕ್ಟ್ರಿಕ್ ಗಿಟಾರಿನ ಆಂಪ್ ಬೇಡ. ಅದರ ಸ್ಪೀಕರು ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ಕೊಡಲ್ಲ, ತಂತಿಯ ಮಿನುಗು ಅಲ್ಲೇ ಸಾಯುತ್ತೆ. ಡಿಐ ಬಾಕ್ಸ್ ಮೂಲಕ ನೇರ ಸಭಾಂಗಣದ ಸೌಂಡ್ ಸಿಸ್ಟಮ್ಮಿಗೆ ಹೋಗೋದು ವಾಸಿ. ಗಿಟಾರಿನೊಳಗೆ ಪ್ರಿಆಂಪ್ ಇಲ್ಲದಿದ್ರೆ, ಇನ್‌ಪುಟ್ ಇಂಪೀಡೆನ್ಸ್ ಕನಿಷ್ಠ 1 ಮೆಗಾಓಮ್ ಇರೋದೊಂದನ್ನು ಮಧ್ಯೆ ಸೇರಿಸಬೇಕು. ಇಲ್ಲಾಂದ್ರೆ ಮಂದ್ರವೆಲ್ಲ ಸೋರಿಹೋಗಿ ಸದ್ದು ತೆಳ್ಳಗಾಗುತ್ತೆ.

ಆಮೇಲೆ ತಿರುಗುಣಿಗಳನ್ನೆಲ್ಲ ಮಧ್ಯಕ್ಕಿಟ್ಟು, ಬರೀ ಇಳಿಸ್ತಾ ಹೋಗೋದು. 1ರಿಂದ 2 ಕಿಲೋಹರ್ಟ್ಸ್ ಸುತ್ತ ತುಸು ಇಳಿಸಿದ್ರೆ ಆ ಬಾತುಕೋಳಿ ಕೂಗು ತಗ್ಗುತ್ತೆ. ಗಿಟಾರು ಗುಂಯ್ ಅಂತ ಊಳಿಟ್ರೆ ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸಿನ ಹೊಟ್ಟೆಯ ಗಾಳಿಯದೇ ಕಿತಾಪತಿ. ತೂತಿಗೊಂದು ರಬ್ಬರ್ ಮುಚ್ಚಳ ಹಾಕಿ ನೋಡಿ. ಬಲಗೈಯನ್ನೂ ಹಗುರ ಮಾಡಬೇಕು. ಜೋರಾಗಿ ಬಾರಿಸಿದಷ್ಟೂ ಪಿಯೆಜೊ ಕಿರುಚುತ್ತೆ. ಜೋರು ಬೇಕಾದ್ರೆ ಸೌಂಡಿನವರು ಕೊಡ್ತಾರೆ ಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಉದ್ದ ವೈರು. ಕಾರ್ಯಕ್ರಮಕ್ಕೆ ಮುಂಚೆ ವೇದಿಕೆ ಇಳಿದು, ಕುರ್ಚಿಗಳ ನಡುವೆ ನಿಂತು ನುಡಿಸಿ ಕೇಳಿ. ಸಹಜ ಅನ್ನೋದನ್ನು ತೀರ್ಮಾನಿಸಬೇಕಾದ್ದು ಅಲ್ಲಿಂದ, ನಮ್ಮ ತೊಡೆಯ ಮೇಲಿಂದಲ್ಲ.

ವೀಣೆಗೋ ಪಿಟೀಲಿಗೋ ಪಿಕಪ್ ಅಂಟಿಸಿಕೊಂಡವರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ನೀವೇನು ಉಪಾಯ ಮಾಡ್ತೀರಿ? ತಿಳಿಸಿ, ಅಮ್ಮನ ಗಂಟಲಿಗೆ ಉಪಕಾರವಾಗುತ್ತೆ :-)