ಎರಡು ಬಾಗಿಲುಗಳ ಆಟ: ಅಣ್ಣ ಮತ್ತು ತಮ್ಮ

ಗೋಡೆಯ ಮೇಲೊಂದು ಬಾಗಿಲು, ನೆಲದ ಮೇಲೊಂದು ಬಾಗಿಲು. ಒಂದರೊಳಗೆ ಹೊಕ್ಕರೆ ಇನ್ನೊಂದರಿಂದ ಹೊರಬರಬಹುದು. ಅಮೆರಿಕದ ವಾಲ್ವ್ ಕಂಪನಿ 2007ರಲ್ಲಿ ಹೊರತಂದ ‘ಪೋರ್ಟಲ್’ ಎಂಬ ಕಂಪ್ಯೂಟರ್ ಆಟದ ಬಂಡವಾಳ ಇಷ್ಟೇ. ನಾಯಕಿ ಚೆಲ್ ಕೈಯಲ್ಲಿ ಬಂದೂಕೇನೋ ಇದೆ. ಆದರೆ ಅದರಿಂದ ಗುಂಡು ಹಾರುವುದಿಲ್ಲ, ಬಾಗಿಲು ತೆರೆಯುತ್ತದೆ. ಬಂದೂಕು ಕಂಡೊಡನೆ ಹುಬ್ಬು ಗಂಟಿಕ್ಕುವ ತಂದೆತಾಯಿಯರು ಇದನ್ನು ಗಮನಿಸಬೇಕು.

ಇದರ ಬೀಜ ಬಿತ್ತಿದವರು ವಿದ್ಯಾರ್ಥಿಗಳು. ವಾಷಿಂಗ್ಟನ್ ರಾಜ್ಯದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ‘ನಾರ್ಬ್ಯಾಕ್ಯುಲರ್ ಡ್ರಾಪ್’ ಎಂಬ ಪುಟ್ಟ ಆಟ ಕಟ್ಟಿದ್ದರು. ಅದನ್ನು ಕಂಡ ವಾಲ್ವ್, ತಂಡವನ್ನೇ ಕೆಲಸಕ್ಕೆ ಕರೆಯಿತು.

ಮೊದಲ ಆಟದಲ್ಲಿ 19 ಪರೀಕ್ಷಾ ಕೋಣೆಗಳು. ಆರಂಭದಲ್ಲಿ ಬಂದೂಕೇ ಇಲ್ಲ. ಆಮೇಲೆ ಒಂದು ಬಾಗಿಲು ಮಾತ್ರ ತೆರೆಯುವ ಬಂದೂಕು. ಅದು ಕೈಗೆ ಒಗ್ಗಿದ ಮೇಲೆ ಎರಡನೆಯದು. ಎತ್ತರದಿಂದ ನೆಲದ ಬಾಗಿಲಿಗೆ ಜಿಗಿದರೆ, ಬಿದ್ದ ವೇಗದಲ್ಲೇ ಗೋಡೆಯ ಬಾಗಿಲಿನಿಂದ ಅಡ್ಡಲಾಗಿ ಚಿಮ್ಮಿ ಹೊಂಡ ದಾಟಬಹುದು. ಭೂಮಿಯ ಮೇಲೆ 5 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿರುತ್ತದೆ. ಆ ವೇಗ ಇಮ್ಮಡಿಯಾಗಲು 20 ಮೀಟರ್ ಎತ್ತರ ಬೇಕು. ಪುಸ್ತಕದ ಸಮೀಕರಣ ಇಲ್ಲಿ ‘ಇನ್ನೂ ಮೇಲಿನಿಂದ ಹಾರಬೇಕು’ ಎಂಬ ಅನುಭವವಾಗುತ್ತದೆ. ಆಟವೇನೂ ಹರಿಶ್ಚಂದ್ರನಲ್ಲ ಬಿಡಿ. ನೆಲದ ಬಾಗಿಲಲ್ಲಿ ಬಿದ್ದು ಛಾವಣಿಯಿಂದ ಹೊರಬಂದು ಮತ್ತೆ ಬೀಳುತ್ತಲೇ ಇರಬಹುದು. ಶಕ್ತಿ ಸಂರಕ್ಷಣೆಯ ನಿಯಮ ಅಲ್ಲಿ ಗಾಳಿಗೆ ತೂರಿಹೋಗಿದೆ. ಎಲ್ಲಿ ತಪ್ಪಿದೆ ಎಂದು ಮಗ ಕಂಡುಹಿಡಿದರೆ ಅದೂ ಒಂದು ಪಾಠವೇ.

2011ರಲ್ಲಿ ಬಂದ ‘ಪೋರ್ಟಲ್ 2’ರದು ದೊಡ್ಡ ಸಂಸಾರ. ಪುಟಿಸುವ ನೀಲಿ ದ್ರವ, ಓಟದ ವೇಗ ಹೆಚ್ಚಿಸುವ ಕಿತ್ತಳೆ ದ್ರವ, ಬೆಳಕಿನ ಸೇತುವೆ, ಲೇಸರ್ ಕಿರಣ. ದ್ರವಗಳ ಕಲ್ಪನೆಯೂ ಡಿಜಿಪೆನ್ ವಿದ್ಯಾರ್ಥಿಗಳದೇ ಇನ್ನೊಂದು ಆಟದಿಂದ ಬಂದದ್ದು. ಕಥೆ ಉದ್ದ, ನಗು ಹೆಚ್ಚು. ಗ್ಲಾಡೋಸ್ ಎಂಬ ಕುಹಕಿ ಯಂತ್ರದ ಮಾತು ಎರಡರಲ್ಲೂ ಸೊಗಸು. ಆದರೂ ಒಂಟಿಯಾಗಿ ಆಡುವ ಭಾಗದಲ್ಲಿ ತಮ್ಮ ಅಣ್ಣನಿಗೆ ಸಮನಾಗಲಾರ. ಪಾಳುಬಿದ್ದ ವಿಶಾಲ ಭವನಗಳಲ್ಲಿ ಬಾಗಿಲು ಮೂಡಬಲ್ಲ ಗೋಡೆ ಅಲ್ಲೊಂದು ಇಲ್ಲೊಂದು. ಆಟಗಾರ ಯೋಚಿಸುವುದನ್ನು ಬಿಟ್ಟು ಹುಡುಕತೊಡಗುತ್ತಾನೆ. ಗೋಡೆ ಸಿಕ್ಕಿತೆಂದರೆ ಉತ್ತರವೂ ಸಿಕ್ಕಂತೆ. ಪಾಠ ತಿಳಿಯದಿದ್ದರೂ ಬಿಟ್ಟ ಸ್ಥಳ ತುಂಬಿ ಅಂಕ ಗಳಿಸಿದ ಹಾಗೆ.

ಇಬ್ಬರು ಸೇರಿ ಆಡುವ ಭಾಗದ ಮಾತು ಬೇರೆ. ಇದು ಅಣ್ಣನಲ್ಲಿ ಇರಲೇ ಇಲ್ಲ. ಎರಡು ರೋಬಾಟ್‌ಗಳು, ತಲಾ ಎರಡರಂತೆ ನಾಲ್ಕು ಬಾಗಿಲು. ಒಬ್ಬರಿಗೆ ಹೊಳೆದ ಉಪಾಯವನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳದೆ ಹೆಜ್ಜೆ ಮುಂದೆ ಹೋಗದು. ಹೇಳಹೊರಟಾಗಲೇ ತನಗೆ ತಿಳಿಯದ್ದು ಯಾವುದೆಂದು ಗೊತ್ತಾಗುವುದು. ಅಕ್ಕ ತಮ್ಮ ಜೊತೆಗೆ ಕುಳಿತರೆ ಜಗಳವಂತೂ ಖಂಡಿತ.

ಇನ್ನೊಂದು ಬಿಳಿ ದ್ರವವಿದೆ. ಅದನ್ನು ಬಳಿದಲ್ಲೆಲ್ಲ ಬಾಗಿಲು ಮೂಡುತ್ತದೆ. ಅದು ಚಂದ್ರನ ಶಿಲೆಯನ್ನು ಪುಡಿಮಾಡಿ ಮಾಡಿದ್ದೆಂಬ ಮಾತು ಕಥೆಯ ನಡುವೆ ಹಾಸ್ಯದಂತೆ ಬಂದುಹೋಗುತ್ತದೆ. ಕೊನೆಯಲ್ಲಿ ಛಾವಣಿ ಒಡೆದು ಆಕಾಶ ಕಾಣಿಸಿದಾಗ, ಆ ಮಾತನ್ನು ಯಾರೂ ನೆನಪಿಸುವುದಿಲ್ಲ. ಕೈಯಲ್ಲಿ ಬಂದೂಕಿದೆ, ಮೇಲೆ ಹುಣ್ಣಿಮೆಯ ಚಂದ್ರನಿದ್ದಾನೆ.